ಮಗಳ ಪೋರ್ಟ್‌ಫೋಲಿಯೊ ಮತ್ತ ಹಪ್ಪಳದ ಲೇಬಲ್

ನಮ್ಮ ಸಣ್ಣ ಮಗಳು ಗ್ರಾಫಿಕ್ ಡಿಸೈನ್ ಕಲತು ಎರಡು ವರ್ಷ ಆತ್ರಿ. ಸದ್ಯ ಹುಬ್ಬಳ್ಳ್ಯಾಗ ಒಂದು ಫ್ಲೆಕ್ಸ್ ಅಂಗಡ್ಯಾಗ ಕೆಲಸ. ಜಾತ್ರಿ ಬ್ಯಾನರು, ಹುಟ್ಟುಹಬ್ಬದ ಬ್ಯಾನರು, ಲಗ್ನಪತ್ರಿಕಿ, ಇವೇ. ದೊಡ್ಡ ಕಂಪನಿಗೆ ಅರ್ಜಿ ಹಾಕಬೇಕಂದ್ರ ಮಾರ್ಕ್ಸ್ ಕಾರ್ಡಿಗಿಂತ ಮೊದಲು ಪೋರ್ಟ್‌ಫೋಲಿಯೊ ಕೇಳ್ತಾರಂತ. ಮಾಡಿದ ಕೆಲಸದ ಆಲ್ಬಮ್ ಅನ್ರಿ. ಒಂಬತ್ತು ಕಡೆ ಕಳಿಸಿದ್ಳು, ಒಬ್ಬರದೂ ಉತ್ತರ ಇಲ್ಲ. ಅವರಪ್ಪ, "ಯುಗಾದಿ ತನಕ ನೋಡೂಣು, ಆಮ್ಯಾಲೆ ಮಾವನ ಅಂಗಡ್ಯಾಗ ಲೆಕ್ಕಾ ಬರೀಲಿ" ಅಂದ್ರು. ಆಕಿ ಎದುರು ಮಾತಾಡ್ಲಿಲ್ಲ. ಆದ್ರ ಲ್ಯಾಪ್‌ಟಾಪ್ ಎಂಟು ದಿನ ಮುಚ್ಚಿದ್ದು ಮುಚ್ಚೇ ಇತ್ತು.

ಮನ್ಯಾಗ ತೋರಿಸಿದಾಗೆಲ್ಲಾ "ಛಲೋ ಆಗೇತಿ" ಅನ್ನಾವರೇ. ಕಾಕಾ ಇನ್ನೊಂದೀಟು ಕೆಂಪು ಹಾಕು ಅಂದ್ರು, ನಮ್ಮ ನೆಗೆಣ್ಣಿ ಮೂಲ್ಯಾಗ ಎರಡು ಹೂವು ಇರ್ಲಿ ಅಂದ್ಳು. ಕಾಕಾಗ ಕೆಂಪು ಸೇರತೈತಿ, ಆಕಿಗೆ ಹೂವು ಸೇರತಾವ. ಅದನ್ನ ಕೇಳಿ ಹುಡಿಗಿ ಏನು ತಿದ್ದಬೇಕ್ರಿ?

ಕಡೀಕ ಗೆಳತಿಯ ಅಕ್ಕ, ಬೆಂಗಳೂರಾಗ ಇದೇ ಕೆಲಸದಾಗ ಇರಾಕಿ, ನೋಡತೇನಿ ಕಳಸು ಅಂದ್ಳು. ಆಕೀ ಮೊದಲನೇ ಮಾತೇ, "ಫೈಲ್ ತೆರೀವಲ್ದಲ್ಲವಾ!" 28 ಪುಟ, 40 ಎಂಬಿ. ಜಿಮೇಲ್‌ನ್ಯಾಗ 25 ಎಂಬಿಗಿಂತ ದೊಡ್ಡದು ಲಗತ್ತಾಗೂದಿಲ್ಲ ಅಂತ ಇಕಿ ಡ್ರೈವ್ ಲಿಂಕ್ ಕಳಿಸಿದ್ಳು, ಲಿಂಕಿಗೆ ಪರ್ಮಿಷನ್ ಕೊಟ್ಟಿದ್ದಿಲ್ಲ. ಆ ಒಂಬತ್ತು ಮಂದ್ಯಾಗ ತೆರೆದು ನೋಡಿದವರು ಯಾರರೆ ಇದ್ರೋ ಇಲ್ಲೋ, ದೇವರಿಗೇ ಗೊತ್ತು.

ಆಮ್ಯಾಲೆ ಪುಟಕ್ಕ ಮೂರು ಪ್ರಶ್ನಿ ಕೇಳಿದ್ಳು. ಇದು ಯಾರ ಸಲುವಾಗಿ? ಅವರಿಗೇನು ಅಡಚಣಿ ಇತ್ತು? ಇದರಾಗ ನೀ ಮಾಡಿದ್ದು ಯಾವ್ದು? ಇಲ್ಲದ ಕಾಫಿ ಕಂಪನಿಗೆ ಮಾಡಿದ ನಾಲ್ಕು ಪೋಸ್ಟರ್ ಮೊದಲ ಹೋದವು. ನೆಟ್‌ನ್ಯಾಗಿನ ಟೆಂಪ್ಲೇಟ್ ಇಳಿಸಿ ಹೆಸರು ಬದಲಿ ಮಾಡಿದ ಲಗ್ನಪತ್ರಿಕಿ ಎಲ್ಲಾ ಹೋದವು. ಉಳದದ್ದು ಬರೇ ಐದು. ನಾ ರೊಟ್ಟಿ ಬಡೀತಿದ್ದೆ, ಬಂದು ಬಾಜೂಕ ಕುಂತು, "ಎರಡು ವರ್ಷದ್ದು ಐದು ಪುಟ ಆತಲ್ಲವ್ವಾ" ಅಂತ ಅತ್ಳು. ಬಿಸಿ ರೊಟ್ಟಿ, ಬೆಣ್ಣಿ ಹಚ್ಚಿ ಕೊಟ್ಟೆ. ಮತ್ತೇನು ಹೇಳ್ಲಿ.

ಆದ್ರ ಆ ಅಕ್ಕ ಬಿಡಲಿಲ್ಲ. "ಅಸಲಿ ಗಿರಾಕಿಗೆ ಮಾಡಿದ್ದು ಬ್ಯಾರೆ ಏನೂ ಇಲ್ಲೇನು?" ಅಂತ ಕೇಳಿದ್ಳು. ಆವಾಗ ನಮ್ಮ ಮಹಿಳಾ ಸಂಘದ ಹಪ್ಪಳದ ಲೇಬಲ್ ಹೊರಗ ಬಂತು. ಹಪ್ಪಳದ್ದು, ಅದೂ ಕನ್ನಡದ್ದು, ಯಾರು ನೋಡ್ತಾರ ಅಂತ ಇಕಿ ಅದನ್ನ ಹಾಕಿದ್ದೇ ಇಲ್ಲ! "ಇದೇ ಮೊದಲನೇ ಪುಟ ಆಗಬೇಕು, ಪೆನ್ಸಿಲ್‌ನ್ಯಾಗ ತಗದದ್ದೂ ಹಾಕು" ಅಂದ್ಳು. ಈ ಮಾತು ನನಗ ಲಗೂನ ತಿಳೀತು. ಕಸೂತಿ ಬಲ್ಲವರು ಮೊದಲು ಸೆರಗ ತಿರವಿ ನೋಡ್ತಾರ. ಗವಂತಿ ಹೊಲಗಿ ಎರಡೂ ಮಗ್ಗಲಾ ಒಂದೇ ನಮೂನಿ ಕಾಣಬೇಕು, ಗಂಟು ಇರಬಾರದು. ಹಾಕಿದಾಕಿ ಕೈ ಎಂಥಾದು ಅಂತ ಹಿಂದಿನ ಮಗ್ಗಲಾನೇ ಹೇಳತೈತಿ.

ಹಂಗಂತ ಲೇಬಲ್ ಸರಿ ಇತ್ತು ಅಂತಲ್ಲ. ನಾನೇ ಆಕೀನ್ನ ಕಿರಾಣಿ ಅಂಗಡಿಗೆ ಕರಕೊಂಡು ಹೋದೆ. ಅಂಗಡಿ ಅಣ್ಣಾರು ಬಾಯಿಬಿಟ್ಟು ಹೇಳಿದ್ರು: "ಪಾಕೀಟಿನ ಬಾಯಿ ಮಡಚಿ ಪಿನ್ ಹೊಡದು ದಾರಕ್ಕ ನೇತು ಹಾಕತೇನ್ರಿ. ನಿಮ್ಮ ಸಂಘದ ಹೆಸರು ಮಡಿಕ್ಯಾಗ ಹೊಕ್ಕೈತಿ. ತೂಕ ಎಷ್ಟಂತ ಗಿರಾಕಿ ದಿನಾ ನನ್ನನ್ನೇ ಕೇಳ್ತಾರ." ಕಂಪ್ಯೂಟರ್ ಪರದಿ ಮ್ಯಾಲೆ ಮಡಿಕಿ ಎಲ್ಲಿಂದ ಕಾಣಬೇಕ್ರಿ. ನಾ ಹೇಳಿದ್ದು ಅಕ್ಷರದ್ದು. "ಹಪ್ಪಳ"ದ ಪ-ಒತ್ತು ಕೆಳಗಿನ ಸಾಲಿನ ತಲಿಗೆ ಬಡೀತಿತ್ತು. ಇಂಗ್ಲಿಷಿಗೆ ಸಾಲು ಬಿಟ್ಟಷ್ಟೇ ಕನ್ನಡಕ್ಕ ಬಿಟ್ರ ಒತ್ತಕ್ಷರ ಎಲ್ಲಿ ಕುಂದರಬೇಕು? ಇನ್ನೊಂದು ಕಡೆ ಒತ್ತೇ ಒಡದು ಎರಡು ಅಕ್ಷರ ಆಗಿತ್ತು. ಇಲಸ್ಟ್ರೇಟರ್‌ನ್ಯಾಗ ಯುನಿಕೋಡ್ ಕನ್ನಡಕ್ಕ ಇಂಡಿಕ್ ಆಪ್ಷನ್ ಚಾಲೂ ಮಾಡಿ ವರ್ಲ್ಡ್-ರೆಡಿ ಕಂಪೋಸರ್ ಹಚ್ಚಬೇಕಂತ, ಅದನ್ನ ಆಕೀನೇ ಹುಡುಕಿ ಸರಿ ಮಾಡಿದ್ಳು.

ಹೆಸರು ಕೆಳಗ ಇಳೀತು, ತೂಕ ದೊಡ್ಡದಾತು. ಹಸರು ಚುಕ್ಕಿ, ಎಫ್‌ಎಸ್‌ಎಸ್‌ಎಐ ನಂಬರು, ತಾರೀಖು, ಇವನ್ನಂತೂ ಬಿಡೂಹಂಗಿಲ್ಲ. ಅವಕ್ಕ ಜಾಗಾ ಮಾಡಾಕ ಆಕೀ ಪ್ರೀತಿಯ ಬಳ್ಳಿ ಚಿತ್ರ ತಗೀಬೇಕಾತು. ಎರಡು ದಿನ ತಗೀವಲ್ಲೆ ಅಂದು, ಮೂರನೇ ದಿನ ತಗದ್ಳು. ಹಳೇ ಲೇಬಲ್, ಪೆನ್ಸಿಲ್ ಚಿತ್ರ, ಅಂಗಡ್ಯಾಗ ನೇತು ಬಿದ್ದ ಪಾಕೀಟಿನ ಫೋಟೊ, ಏನು ಬದಲಾತು, ಯಾಕ ಬದಲಾತು, ಎಲ್ಲಾ ಸೇರಿ ಎರಡು ಪುಟ. ಕನ್ನಡ ಬರದವರಿಗೆ ಕೆಳಗ ಇಂಗ್ಲಿಷಿನ್ಯಾಗ ಅರ್ಥ. ಒಟ್ಟು ಏಳು ಪುಟ, 4 ಎಂಬಿ.

ಐದು ಕಡೆ ಕಳಿಸಿದ್ಳು, ಒಬ್ಬರು ವೀಡಿಯೋ ಕಾಲ್‌ನ್ಯಾಗ ಕರದು ಅರ್ಧ ತಾಸು ಮಾತಾಡಿದ್ರು. ಜಾಸ್ತಿ ಕೇಳಿದ್ದು ಆ ಮಡಿಕಿ ಮಾತೇ ಅಂತ. ತಿಳಸತೇವಿ ಅಂದಾರ, ಇನ್ನಾ ತಿಳಿಸಿಲ್ಲ. ಯುಗಾದಿಗೆ ಮೂರು ವಾರ ಐತಿ, ಅವರಪ್ಪ ಅಂಗಡಿ ಮಾತು ತಗದಿಲ್ಲ. ನಡುವ ಸಂಘದವರು ಶೇಂಗಾ ಚಟ್ನಿಗೂ ಲೇಬಲ್ ಬೇಕು ಅಂದಾರ. ನಿನ್ನೆ ಬಣ್ಣ ಹಾಕೂಕಿಂತ ಮೊದಲೇ ಬರೇ ಕರಿ ಪ್ರಿಂಟ್ ತಗೊಂಡು, ನಾಲ್ಕು ಪಾಕೀಟಿಗೆ ಹಚ್ಚಿ, ಪಿನ್ ಹೊಡದು, ಅಣ್ಣಾರ ಅಂಗಡಿ ದಾರಕ್ಕ ತಾನೇ ನೇತು ಹಾಕಿ ಬಂದಾಳ.