83 ಪಟ್ಟು ಹತ್ತಿರ

ಕ್ಯಾಮೆರಾ ಪರೀಕ್ಷೆಗೆ ಮರವಂತೆಗಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ಅದರಾಚೆ ಘಟ್ಟದ ಸಾಲು. ಹತ್ತಿರದ್ದು, ದೂರದ್ದು, ಬಹುದೂರದ್ದು ಎಲ್ಲವೂ ನಿಂತಲ್ಲೇ ಸಿಗುತ್ತವೆ. ಕುಂದಾಪುರದ ಈ ಲೇಖಕ ತನ್ನ ನಿಕಾನ್ ಕೂಲ್‌ಪಿಕ್ಸ್ ಪಿ900 ಹೆಗಲಿಗೇರಿಸಿಕೊಂಡು ಬೆಳ್ಳಂಬೆಳಗ್ಗೆ ಅಲ್ಲಿಗೆ ಓಡುವುದು ಅದಕ್ಕೇ.

ಅವನ ಮನೆಯ ಮೊದಲ ಕ್ಯಾಮೆರಾ ಅಪ್ಪನ ಆಗ್ಫಾ ಕ್ಲಿಕ್ 3. ಒಂದು ರೋಲಿಗೆ 12 ಚಿತ್ರ, ಅಷ್ಟೇ. ಝೂಮ್ ಬೇಕೆಂದರೆ ಅಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದರು. ಬೆಳ್ಳಕ್ಕಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಿತ್ತು.

35 ಮಿ.ಮೀ. ಫಿಲ್ಮಿನ ಸ್ಥಿರಚಿತ್ರ ಕ್ಯಾಮೆರಾಗಳಿಗೆ ಮೊದಲ ಝೂಮ್ ಲೆನ್ಸ್ ಬಂದದ್ದು 1959ರಲ್ಲಿ, ಫೋಕ್ಟ್‌ಲೆಂಡರ್ ಕಂಪನಿಯ ಝೂಮಾರ್. 36ರಿಂದ 82 ಮಿ.ಮೀ., ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. 2000ದಲ್ಲಿ ಒಲಿಂಪಸ್ ಡಿಜಿಟಲ್ ಕ್ಯಾಮೆರಾ ಒಂದರಲ್ಲಿ ಅದು 10 ಪಟ್ಟಾಯಿತು. ಆಮೇಲೆ ಹರಾಜಿನ ಕೂಗು ಶುರು: 2012ರಲ್ಲಿ ಕ್ಯಾನನ್ 50 ಎಂದಿತು, 2015ರಲ್ಲಿ ನಿಕಾನ್ ಪಿ900 ತಂದು 83 ಎಂದಿತು, 2018ರಲ್ಲಿ ಪಿ1000 ತಂದು 125ಕ್ಕೆ ಏರಿಸಿತು.

ಇಷ್ಟು ದೊಡ್ಡ ಝೂಮಿನ ಗುಟ್ಟು ಇರುವುದು ಸೆನ್ಸರಿನಲ್ಲಿ. ಪಿ900ರದ್ದು 24ರಿಂದ 2000 ಮಿ.ಮೀ. ಎನ್ನುವುದು ಫುಲ್‌ಫ್ರೇಮ್, ಅಂದರೆ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನ ಲೆಕ್ಕಕ್ಕೆ ಹೊಂದಿಸಿದ ಅಂಕಿ. ಲೆನ್ಸಿನ ನಿಜವಾದ ಫೋಕಲ್ ದೂರ 4.3ರಿಂದ 357 ಮಿ.ಮೀ. ಸೆನ್ಸರ್ ಕಿರುಬೆರಳ ಉಗುರಿನಷ್ಟೇ ಇರುವುದರಿಂದ ದೃಶ್ಯದ ಚಿಕ್ಕ ತುಣುಕು ಮಾತ್ರ ಅದರೊಳಗೆ ಹಿಡಿಸುತ್ತದೆ. ಅದು ಹಿಗ್ಗಿ ಕಾಣುತ್ತದೆ. ಫುಲ್‌ಫ್ರೇಮಿಗೆ ಹೋಲಿಸಿದರೆ ಈ ಸೆನ್ಸರಿನ ವಿಸ್ತೀರ್ಣ ಸುಮಾರು ಮೂವತ್ತರಲ್ಲೊಂದು ಪಾಲು. ಬೆಳಕು ಕಮ್ಮಿಯಾದಾಗ ಪೇಚಾಟ ಶುರುವಾಗುವುದೂ ಇದರಿಂದಲೇ.

ಬೆಳಕಿದ್ದರೆ ಮಾತ್ರ ಇದು ಮಾಯಾವಿ. ಹುಣ್ಣಿಮೆಯಂದು ಅಂಗಳದಲ್ಲಿ ನಿಂತು ತೆಗೆದ ಚಂದ್ರ ಚೌಕಟ್ಟಿನ ಎತ್ತರದ ಮೂರರಲ್ಲಿ ಎರಡು ಭಾಗ ತುಂಬಿದಾಗ ಅಮ್ಮ, "ಎಂತ ಮಾರಾಯಾ, ಗುಂಡಿಯೆಲ್ಲ ಕಾಣ್ತ್ ಅಲ್ದಾ!" ಎಂದರು. ಗಂಗೊಳ್ಳಿ ಅಳಿವೆಯಲ್ಲಿ ದೋಣಿಗಳ ಮೇಲೆ ಸುತ್ತುವ ಗರುಡ, ದೂರದ ಮರದಲ್ಲಿ ಕುಳಿತ ಬಿಳಿಹೊಟ್ಟೆಯ ಕಡಲಹದ್ದು, ಎರಡೂ ಗರಿ ಗರಿಯೂ ಕಾಣುವಂತೆ ಸಿಗುತ್ತವೆ. ಪೂರ್ತಿ ಝೂಮ್‌ನಲ್ಲಿ ಹಕ್ಕಿ ಒಂದಿಷ್ಟು ಸರಿದರೂ ಕಣ್ಮರೆ. ಅದಕ್ಕೆಂದೇ ಲೆನ್ಸಿನ ಪಕ್ಕ ಒಂದು ಗುಂಡಿಯಿದೆ. ಒತ್ತಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಹತ್ತಿರ ಬರುತ್ತದೆ. ಪಟ್ಟುಗಳ ಜಾಹೀರಾತಿಗಿಂತ ಈ ಗುಂಡಿಯೇ ದೊಡ್ಡ ಉಪಕಾರಿ ಎಂಬುದು ಲೇಖಕನ ಅಭಿಪ್ರಾಯ. ಮಧ್ಯಾಹ್ನ ಮಾತ್ರ ಕ್ಯಾಮೆರಾ ಚೀಲದಲ್ಲೇ ಇರಲಿ. ಕಾದ ಮರಳಿನ ಮೇಲಿನ ಗಾಳಿ ಕುದಿಯುವಾಗ ಯಾವ ಲೆನ್ಸೂ ದೂರದ್ದನ್ನು ಸ್ಪಷ್ಟವಾಗಿ ತೋರಿಸದು.

ಇನ್ನು ರಾತ್ರಿಯ ಯಕ್ಷಗಾನ ಬಯಲಾಟ. ಬ್ರಹ್ಮಾವರದ ಕಡೆ ಮಂದಾರ್ತಿ ಮೇಳದ ಆಟವಿದ್ದರೆ ಕ್ಯಾಮೆರಾ ಒಯ್ಯದೆ ಇರಲಾಗುತ್ತದೆಯೇ? ಆದರೆ ಝೂಮ್ ಎಳೆದಂತೆ ಲೆನ್ಸಿನ ಎಫ್ ಸಂಖ್ಯೆ 2.8ರಿಂದ 6.5ಕ್ಕೆ ಏರಿ, ಸೆನ್ಸರಿನ ಮೇಲೆ ಬೀಳುವ ಬೆಳಕು ಐದರಲ್ಲೊಂದು ಪಾಲಿಗೂ ಕೆಳಗಿಳಿಯುತ್ತದೆ. ಕೇದಗೆಮುಂದಲೆ ಕಟ್ಟಿದ ವೇಷ ಗಿರಕಿ ಹೊಡೆಯುವಾಗ ಸಿಗುವುದು ಬಣ್ಣದ ಮಸುಕು, ಮೇಲಿಂದ ರವೆ ಚೆಲ್ಲಿದಂಥ ಚುಕ್ಕೆ. ರಂಗಸ್ಥಳದ ಮುಂದೆ ಚಾಪೆಯಲ್ಲಿ ಜಾಗ ಹಿಡಿದು, ಝೂಮ್ ಮುಟ್ಟದೆ ತೆಗೆಯುವುದೊಂದೇ ದಾರಿ.

ಮಳೆಗಾಲ ಈ ಕ್ಯಾಮೆರಾದ ನಿಜವಾದ ವೈರಿ. ಉದ್ದಕ್ಕೆ ಚಾಚಿ ಒಳಸರಿಯುವ ಲೆನ್ಸು ಪ್ರತಿ ಸಲವೂ ತೇವದ ಗಾಳಿ ಎಳೆದುಕೊಳ್ಳುತ್ತದೆ. ಗಾಜಿನೊಳಗೆ ಬೂಸ್ಟು ಹಿಡಿಯಲು ಅಷ್ಟು ಸಾಕು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಲ್ಲದೆ ಕರಾವಳಿಯಲ್ಲಿ ಇದನ್ನು ಸಾಕಲಾಗದು.

ಆಟ, ಮದುವೆ ಮನೆ ನಿಮ್ಮ ಒಲವಾದರೆ ಈ ಕ್ಯಾಮೆರಾ ಬೇಡ. ಹಕ್ಕಿ, ಚಂದ್ರ, ಅಳಿವೆಯ ದೋಣಿಗಳಾದರೆ ಧಾರಾಳವಾಗಿ ಕೊಳ್ಳಿ; 16 ಮೆಗಾಪಿಕ್ಸೆಲ್ ಚಿತ್ರ ಎ4 ಹಾಳೆಗೆ ಚೆನ್ನಾಗಿಯೇ ಮುದ್ರಣವಾಗುತ್ತದೆ. ರಾ (ಸಂಸ್ಕರಿಸದ) ಕಡತ ಬೇಕೆನ್ನುವವರು 2020ರ ಪಿ950 ನೋಡಬಹುದು. ಪಿ1000 ಸುಮಾರು 1.4 ಕಿಲೋ, ಟ್ರೈಪಾಡ್ ಇಲ್ಲದೆ ಹಠ ಬೇಡ. ಹಳೆಯದನ್ನು ಕೊಳ್ಳುವುದಾದರೆ ಝೂಮ್ ಪೂರ್ತಿ ಚಾಚಿ, ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟು, ಬೂಸ್ಟು ಇಲ್ಲವೆಂದು ಕಂಡ ಮೇಲೆಯೇ ದುಡ್ಡು ಎಣಿಸಿ.