ಕಾಶಿಯಲ್ಲಿದ್ದ ಹರಿಕೇನ್

ಡೈಕಾಸ್ಟ್ ಮಾದರಿಯ ಸುಖ ಇರುವುದೇ ಅದರ ತೂಕದಲ್ಲಿ. ಸತುವಿನ ಮಿಶ್ರಲೋಹದ ಪುಟ್ಟ ವಿಮಾನವನ್ನು ಕೈಗೆತ್ತಿಕೊಂಡರೆ ತಣ್ಣಗೆ, ಗಟ್ಟಿಯಾಗಿ ಕೂರುತ್ತದೆ. ಪ್ಲಾಸ್ಟಿಕ್ಕಿಗೆ ಆ ಗತ್ತು ಬಾರದು. ನನಗೆ ಅಚ್ಚುಮೆಚ್ಚು ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಹಾಕರ್ ಹರಿಕೇನ್, ಅದರಲ್ಲೂ ಆರ್4118 ಸಂಖ್ಯೆಯದು. ಹನ್ನೆರಡು ಮೀಟರಿನ ರೆಕ್ಕೆ 1:72ರ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರಿಗೆ ಇಳಿದಿದೆ. ಮೇಲೆ ಹಸಿರು, ಮಣ್ಣಿನ ಬಣ್ಣ. ಪಕ್ಕದಲ್ಲಿ ದೊಡ್ಡದಾಗಿ ಯುಪಿ-ಡಬ್ಲ್ಯು ಎಂಬ ಗುರುತಿನ ಅಕ್ಷರಗಳು.

ಅದರ ಹಿಂಭಾಗದ ಮೇಲೆ ಬೆರಳಾಡಿಸಿ ನೋಡಬೇಕು. ಉದ್ದಕ್ಕೂ ಸಣ್ಣ ಏಣುಗಳು ಸಿಗುತ್ತವೆ. ಅಸಲಿ ವಿಮಾನದಲ್ಲಿ ಅಲ್ಲಿರುವುದು ತಗಡಲ್ಲ, ಮರದ ಪಟ್ಟಿಗಳ ಮೇಲೆ ಬಿಗಿದು ಡೋಪ್ ಎಂಬ ಮೆರುಗೆಣ್ಣೆ ಬಳಿದ ಬಟ್ಟೆ! ಗುಂಡು ತೂರಿಹೋದರೆ ತೇಪೆ ಹಚ್ಚಿ ಮತ್ತೆ ಹಾರಿಸುತ್ತಿದ್ದರು. 1940ರ ಬ್ರಿಟನ್ ಕದನದಲ್ಲಿ ಶತ್ರುವಿಮಾನಗಳನ್ನು ಹೆಚ್ಚು ಕೆಡವಿದ್ದು ಹರಿಕೇನ್‌ಗಳೇ. ಹೆಸರು ಹೋದದ್ದು ಜೊತೆಗೆ ಕಾದಿದ ಇನ್ನೊಂದು ಬ್ರಿಟಿಷ್ ವಿಮಾನ ಸ್ಪಿಟ್‌ಫೈರ್‌ಗೆ. ಈ ಅನ್ಯಾಯ ನನಗೆ ಇನ್ನೂ ಸಹಿಸಲಾಗಿಲ್ಲ.

ಆ ಕದನದಲ್ಲಿ 605ನೇ ಸ್ಕ್ವಾಡ್ರನ್ನಿನ ಪರವಾಗಿ ಆರ್4118 ಹಾರಿದ್ದು 49 ಸಲ. 1943ರ ಕೊನೆಗೆ ಅದನ್ನು ಭಾರತಕ್ಕೆ ಕಳಿಸಿದರು. ಮರುವರ್ಷ ಇಂಫಾಲದಲ್ಲಿ ಜಪಾನೀಯರ ವಿರುದ್ಧ ಭಾರತೀಯ ವಾಯುಪಡೆಯ ಅರ್ಜನ್ ಸಿಂಗ್ ಅವರ ನಾಯಕತ್ವದಲ್ಲಿ ನಮ್ಮ ಹರಿಕೇನ್‌ಗಳು ಕಾದಾಡಿದವು, ಆದರೆ ಇದಕ್ಕೆ ಆ ಯೋಗವಿರಲಿಲ್ಲ. ಯುದ್ಧ ಮುಗಿದ ಮೇಲೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕಲಿಕೆಗೆ ಹೋಯಿತು. ಯುಪಿ ಎಂದು ಬರೆಸಿಕೊಂಡದ್ದು ಇಂದಿನ ಉತ್ತರ ಪ್ರದೇಶವನ್ನೇ ಸೇರಿದ್ದು ಕಾಕತಾಳೀಯ, ನೆನೆದಾಗಲೆಲ್ಲ ಖುಷಿಯಾಗುತ್ತದೆ.

ಅಲ್ಲೇ ಬಯಲಲ್ಲಿ ಬಿಸಿಲು ಮಳೆಗೆ ಒಡ್ಡಿಕೊಂಡು ದಶಕಗಳ ಕಾಲ ನಿಂತಿತ್ತು. 1982ರಲ್ಲಿ ಹಳೆಯ ರೋಲ್ಸ್‌ರಾಯ್ಸ್ ಕಾರುಗಳನ್ನು ಹುಡುಕುತ್ತ ಬಂದ ಪೀಟರ್ ವ್ಯಾಚರ್ ಎಂಬ ಇಂಗ್ಲಿಷರ ಕಣ್ಣಿಗೆ ಬಿತ್ತು. ಅದು ಅವರ ಕೈಸೇರಿದ್ದು 2001ರಲ್ಲಿ. ಇಂಗ್ಲೆಂಡಿನಲ್ಲಿ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿ 2004ರ ಡಿಸೆಂಬರಿನಲ್ಲಿ ಹಾರಿಸಿಯೇಬಿಟ್ಟರು! 1940ರಲ್ಲಿ ಇದನ್ನೇ ಹಾರಿಸಿದ್ದ ಬಾಬ್ ಫಾಸ್ಟರ್ ಅದನ್ನು ನೋಡಲು ಇನ್ನೂ ಬದುಕಿದ್ದರು.

ಮಾದರಿ ತಯಾರಿಸುವವರಲ್ಲಿ ನನ್ನದೊಂದು ಬೇಡಿಕೆಯಿದೆ. ಅವರು ತೋರಿಸುವುದೆಲ್ಲ 1940ರ ಆ ಕೆಲವು ವಾರಗಳ ಥಳಕು. ತಯಾರಾದ 14,000ಕ್ಕೂ ಮಿಕ್ಕ ಹರಿಕೇನ್‌ಗಳಲ್ಲಿ ಬಹುಪಾಲು ನಾಶವಾದವು, ಎಷ್ಟೋ ಗುಜರಿಗೆ ಹೋದವು. ಇದು ಉಳಿದದ್ದು ಬನಾರಸಿನಲ್ಲಿ ಯಾರೂ ಅದನ್ನು ತುಂಡರಿಸದೆ ಬಿಟ್ಟದ್ದರಿಂದ. ಬಣ್ಣ ಮಾಸಿ, ಹಿಂಭಾಗದ ಬಟ್ಟೆಯೆಲ್ಲ ಹೋಗಿ, ಒಳಗಿನ ಕೊಳವೆಗಳು ಬಯಲಾದ ಕಾಶಿಯ ಹರಿಕೇನನ್ನೂ ಒಮ್ಮೆ ಅಚ್ಚು ಹಾಕಲಿ. ಎಷ್ಟೇ ಬೆಲೆಯಿದ್ದರೂ ಮೊದಲ ಗಿರಾಕಿ ನಾನು.