ಹಸಿರು ಮಾರ್ಗದ ಎರಡು ನಿಲ್ದಾಣಗಳು

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ನೆಲದಡಿಯಲ್ಲಿ ಓಡಿಬರುವ ಮೆಟ್ರೋ ರೈಲು ಅಲ್ಲಿಂದ ದಕ್ಷಿಣಕ್ಕೆ ಮುಂದುವರಿದೊಡನೆ ಮೇಲೇರಿ ಬಿಸಿಲಿಗೆ ಬರುತ್ತದೆ. ಕತ್ತಲೆ ಕಳೆದು ಕಣ್ಣು ಬೆಳಕಿಗೆ ಹೊಂದಿಕೊಳ್ಳುವಷ್ಟರಲ್ಲಿ ನ್ಯಾಷನಲ್ ಕಾಲೇಜಿನ ನಿಲ್ದಾಣ. ಅದರ ಮುಂದೆ ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ರಾಷ್ಟ್ರೀಯ ವಿದ್ಯಾಲಯ ರಸ್ತೆ, ಬನಶಂಕರಿ, ಜಯಪ್ರಕಾಶ ನಗರ. 2017ರ ಜೂನ್ ತಿಂಗಳಿನಿಂದ ದಕ್ಷಿಣ ಬೆಂಗಳೂರಿಗರ ನಿತ್ಯ ಸಂಚಾರಕ್ಕೆ ಒದಗಿರುವ ಈ ಹಸಿರು ಮಾರ್ಗದಲ್ಲಿ, ಮೊದಲು ಹೇಳಿದ ನಿಲ್ದಾಣದಿಂದ ಕಡೆಯದಕ್ಕೆ ಹೋಗಲು ಕಾಲು ಗಂಟೆ ಸಾಕು. ಆದರೆ ಆ ಎರಡು ಹೆಸರುಗಳ ಹಿಂದಿರುವ ಎರಡು ಬಾಳುಗಳನ್ನು ನೆನೆಯುತ್ತ ಹೊರಟವನಿಗೆ ಅದು ಅಷ್ಟು ಬೇಗ ಮುಗಿಯುವ ಪ್ರಯಾಣವಲ್ಲ.

‘ನಾನು ಹುಟ್ಟಿ ಬಂದುದು ಯಾತಕ್ಕಾಗಿ? ನನ್ನ ಬಾಳಿನ ಗುರಿ ಯಾವುದು?’ ಎಂಬ ಪ್ರಶ್ನೆ ಋಷಿಗಳಿಗೆ ಮಾತ್ರ ಮೀಸಲಾದುದೆಂದು ತಿಳಿಯಬೇಕಾಗಿಲ್ಲ. ಮಗನ ಪರೀಕ್ಷೆಯ ಫಲಿತಾಂಶ ಬಂದ ದಿನ ಅದು ಮನೆಯ ನಡುಮನೆಗೆ ಬರುತ್ತದೆ. ಮಗಳು ಕೈತುಂಬ ಸಂಬಳ ಬರುವ ಕೆಲಸವನ್ನು ಬಿಟ್ಟುಬಿಡುತ್ತೇನೆಂದಾಗ ಊಟದ ಎಲೆಯ ಮುಂದೆ ಕುಳಿತುಕೊಳ್ಳುತ್ತದೆ. ಯಜಮಾನರು ನಿವೃತ್ತರಾದ ಮರುದಿನ, ಬೆಳಗಿನ ಕಾಫಿಯಾದ ಮೇಲೆ, ಎದುರಿನ ಕುರ್ಚಿಯಲ್ಲಿ ಬಂದು ಕೂರುತ್ತದೆ. ಇಂಥ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವಿದ್ದೀತು. ಆದರೆ ಊರಿನ ಬೀದಿಗಳಲ್ಲಿಯೂ ಇದೆ.

ಒಂದೇ ಕಡೆ ಬೇರೂರಿದವರು

ನ್ಯಾಷನಲ್ ಕಾಲೇಜಿನ ಹೆಸರು ಕೇಳಿದೊಡನೆ ಬೆಂಗಳೂರಿನ ಹಿರಿಯರ ಕಣ್ಣಮುಂದೆ ಬರುವುದು ಒಂದು ಬಿಳಿಯ ಖಾದಿ ಜುಬ್ಬ, ಒಂದು ಗಾಂಧಿ ಟೋಪಿ. ಡಾಕ್ಟರ್ ಎಚ್. ನರಸಿಂಹಯ್ಯನವರು ಹುಟ್ಟಿದುದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯೊಂದರಲ್ಲಿ. ಓದಬೇಕೆಂಬ ಹಂಬಲದಿಂದ 1935ರಲ್ಲಿ ಆ ಹುಡುಗ ಸುಮಾರು ಎಂಬತ್ತು ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲೇ ಕ್ರಮಿಸಿ ಬೆಂಗಳೂರನ್ನು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ವಿದ್ಯಾರ್ಥಿಯಾದ. ಮರುವರ್ಷ ಆ ಶಾಲೆಗೆ ಗಾಂಧೀಜಿ ಬಂದರು. ಅವರು ಹಿಂದಿಯಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತಿಳಿಸಿ ಹೇಳುವ ಭಾಗ್ಯ ಈ ಹಳ್ಳಿಯ ಹುಡುಗನದಾಯಿತು.

ಆ ದಿನವೇ ಅವರಿಗೆ ತಮ್ಮ ಬಾಳಿನ ಗುರಿ ಸಿಕ್ಕಿಬಿಟ್ಟಿತೆಂದು ಹೇಳಿ ಮುಗಿಸಿದರೆ ಕಥೆ ಸೊಗಸಾದೀತು; ನಿಜವಾಗದು. 1942ರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಚಳವಳಿಯ ಕರೆಗೆ ಓಗೊಟ್ಟು ತರಗತಿಯನ್ನು ಬಿಟ್ಟು ಸೆರೆಮನೆ ಸೇರಿದರು. ಹೊರಬಂದು ಮತ್ತೆ ಪುಸ್ತಕ ಹಿಡಿದರು. ಭೌತಶಾಸ್ತ್ರದಲ್ಲಿ ಪದವಿ ಪಡೆದು 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಬೀಜ ವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿದರು. ಆ ಕಾಲದಲ್ಲಿ ಅಂಥ ವಿದ್ಯೆಯುಳ್ಳವನಿಗೆ ಹೊರದೇಶದಲ್ಲಿ ಬಾಗಿಲುಗಳು ಸಾಲಾಗಿ ತೆರೆದಿದ್ದುವು. ನರಸಿಂಹಯ್ಯನವರು ಹಿಂದಿರುಗಿ ಬಂದರು. 1961ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲರಾದರು; 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರವಾರವೂ ವಿಜ್ಞಾನಿಗಳನ್ನು ಕರೆಸಿ ಜನಸಾಮಾನ್ಯರಿಗಾಗಿ ಉಪನ್ಯಾಸ ಮಾಡಿಸಿದರು. 1965ರಲ್ಲಿ ಜಯನಗರದಲ್ಲಿಯೂ ಒಂದು ನ್ಯಾಷನಲ್ ಕಾಲೇಜು ತೆರೆಯಿತು. ತಮ್ಮ ಸೀಮೆಯ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ಅವರು ಕಾಲೇಜನ್ನು ಒಯ್ದರು.

1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆಗೊಡ್ಡುವ ಸಮಿತಿಯೊಂದನ್ನು ರಚಿಸಿ ನಾಡಿನಲ್ಲೆಲ್ಲ ಚರ್ಚೆಯನ್ನೆಬ್ಬಿಸಿದರು. 1984ರಲ್ಲಿ ಪದ್ಮಭೂಷಣ ಬಂದಿತು. ಇಷ್ಟೆಲ್ಲ ಬಂದರೂ ಮನೆಯೊಂದು ಬರಲಿಲ್ಲ. ಅವರು ಅದನ್ನು ಬಯಸಲೂ ಇಲ್ಲ. ಮದುವೆಯಾಗದ ಅವರ ಬಾಳಿನ ಬಹುಪಾಲು ಕಳೆದುದು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ. 2005ರ ಜನವರಿ 31ರಂದು ತೀರಿಕೊಂಡಾಗ ಅವರು ಬಿಟ್ಟುಹೋದ ಆಸ್ತಿಯೆಂದರೆ ಪ್ರಶ್ನೆ ಕೇಳಲು ಕಲಿತ ಸಾವಿರಾರು ಶಿಷ್ಯರು.

ಗೋಪುರದ ಗಡಿ ದಾಟಿ

ನ್ಯಾಷನಲ್ ಕಾಲೇಜಿನ ಮುಂದಿನ ನಿಲ್ದಾಣ ಲಾಲ್‌ಬಾಗ್. ಅಲ್ಲಿಯ ಬಂಡೆ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗಡಿ ಗೋಪುರ ನಿಂತಿದೆ. ಊರು ಈ ಗೋಪುರಗಳನ್ನು ಮೀರಿ ಬೆಳೆಯಬಾರದೆಂಬ ಪ್ರತೀತಿಯಿತ್ತಂತೆ. ಊರು ಆ ಮಾತನ್ನು ಕೇಳಲಿಲ್ಲ. 1948ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಅದರ ಗುರುತಾಗಿ ನಿಂತಿರುವ ಅಶೋಕ ಸ್ತಂಭವನ್ನು ಬಸ್ಸಿನ ಕಂಡಕ್ಟರು ಇಂದಿಗೂ ಕೂಗಿ ಹೇಳುತ್ತಾನೆ.

ಜಯನಗರವು ನಕ್ಷೆ ಬರೆದು ಕಟ್ಟಿದ ಬಡಾವಣೆ. ಇಂತಿಷ್ಟನೆಯ ಬ್ಲಾಕು, ಇಂತಿಷ್ಟನೆಯ ಮೇನು, ಇಂತಿಷ್ಟನೆಯ ಕ್ರಾಸು ಎಂದರೆ ಹೊಸಬನೂ ತಡಕಾಡದೆ ಮನೆ ಸೇರಬಹುದು. ಮಕ್ಕಳ ಬಾಳಿಗೂ ಇಂಥದೊಂದು ವಿಳಾಸವನ್ನು ಮೊದಲೇ ಬರೆದಿಡಬೇಕೆಂಬುದು ಇಲ್ಲಿಯ ತಂದೆತಾಯಿಗಳ ಆಸೆ. ಅದು ತಪ್ಪೂ ಅಲ್ಲ. ಆದರೆ ನರಸಿಂಹಯ್ಯನವರು ಹೊಸೂರಿನಿಂದ ಕಾಲ್ನಡಿಗೆಯಲ್ಲಿ ಹೊರಟಾಗ ಅವರ ಕೈಯಲ್ಲಿದ್ದುದು ಬಾಳಿನ ನಕ್ಷೆಯಲ್ಲ. ಮುಂದಿನ ತರಗತಿಗೆ ಸೇರಬೇಕೆಂಬ ಆಸೆಯಷ್ಟೆ. ದಾರಿ ಸವೆದಂತೆಲ್ಲ ಗುರಿ ತಿಳಿಯಾಯಿತು.

ಮಾರ್ಗ ಬದಲಿಸಿದವರು

ರೈಲು ಬನಶಂಕರಿಯನ್ನು ದಾಟಿದರೆ ಜಯಪ್ರಕಾಶ ನಗರ. ಬೆಂಗಳೂರಿಗರ ನಾಲಿಗೆಯಲ್ಲಿ ಅದು ಜೆ.ಪಿ. ನಗರವಾಗಿ, ಆ ಎರಡು ಅಕ್ಷರಗಳ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದೇ ಅನೇಕರಿಗೆ ಮರೆತುಹೋಗಿದೆ.

ಬಿಹಾರದ ಜಯಪ್ರಕಾಶ ನಾರಾಯಣರು 1902ರಲ್ಲಿ ಹುಟ್ಟಿದವರು. 1921ರಲ್ಲಿ, ಪರೀಕ್ಷೆ ಹತ್ತಿರವಾಗಿದ್ದಾಗ, ಅಸಹಕಾರ ಚಳವಳಿಗಾಗಿ ಪಾಟ್ನಾದ ಕಾಲೇಜನ್ನು ತೊರೆದರು. ಮರುವರ್ಷ ಅಮೆರಿಕಕ್ಕೆ ಹೋಗಿ, ದ್ರಾಕ್ಷಿ ತೋಟಗಳಲ್ಲಿ ದುಡಿದು, ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಆ ಹಣದಿಂದ ಓದಿದರು. ವಿಜ್ಞಾನದಿಂದ ಆರಂಭವಾದ ಓದು ಸಮಾಜಶಾಸ್ತ್ರಕ್ಕೆ ತಿರುಗಿತು. ಅವರು ಕಡೆಗೆ ಪದವಿ ಪಡೆದುದು ಎಲ್ಲಿ ಗೊತ್ತೆ? ಅದೇ ಓಹಾಯೋ ವಿಶ್ವವಿದ್ಯಾನಿಲಯದಲ್ಲಿ. ಸುಮಾರು ಮೂವತ್ತು ವರ್ಷಗಳ ಅಂತರದಲ್ಲಿ ಇವರಿಬ್ಬರೂ ಒಂದೇ ಅಂಗಳದಲ್ಲಿ ನಡೆದಾಡಿದವರು. 1942ರಲ್ಲಿ ನರಸಿಂಹಯ್ಯನವರು ತರಗತಿಯಿಂದ ಸೆರೆಮನೆಗೆ ನಡೆದರೆ, ಅದೇ ವರ್ಷದ ದೀಪಾವಳಿಯ ರಾತ್ರಿ ಜಯಪ್ರಕಾಶರು ಹಜಾರಿಬಾಗಿನ ಸೆರೆಮನೆಯ ಗೋಡೆ ಹಾರಿ ಹೊರಗೆ ಬಂದರು!

ಹೋಲಿಕೆ ಅಲ್ಲಿಗೆ ಮುಗಿಯಿತು. ಒಬ್ಬರು ಒಂದೇ ಅಂಗಳದಲ್ಲಿ ಬಾವಿ ತೋಡಿದಂತೆ ಬಾಳಿದರು. ಇನ್ನೊಬ್ಬರದು ಪಾತ್ರ ಬದಲಿಸುತ್ತ ಹೋದ ನದಿಯ ಬಾಳು. ಮಾರ್ಕ್ಸನ ವಿಚಾರಗಳನ್ನು ತುಂಬಿಕೊಂಡು 1929ರಲ್ಲಿ ಸ್ವದೇಶಕ್ಕೆ ಮರಳಿದ ಜಯಪ್ರಕಾಶರು ಕಾಂಗ್ರೆಸ್ ಸೇರಿದರು, ಸಮಾಜವಾದಿ ಪಕ್ಷ ಕಟ್ಟಿದರು. ಅಧಿಕಾರದ ಗಾದಿ ಕೈಗೆಟಕುವಂತಿದ್ದ ಕಾಲದಲ್ಲಿ, 1954ರಲ್ಲಿ ಬೋಧಗಯೆಯ ಸರ್ವೋದಯ ಸಮ್ಮೇಳನದಲ್ಲಿ, ತಮ್ಮ ಜೀವನವನ್ನೇ ವಿನೋಬಾರ ಭೂದಾನ ಕಾರ್ಯಕ್ಕೆ ದಾನ ಮಾಡಿದರು. 1972ರಲ್ಲಿ ಚಂಬಲ್ ಕಣಿವೆಯ ನೂರಾರು ಡಕಾಯಿತರು ಅವರ ಮಾತಿಗೆ ಮಣಿದು ಶಸ್ತ್ರಗಳನ್ನು ಕೆಳಗಿಟ್ಟರು. 1974ರಲ್ಲಿ ಮತ್ತೆ ಬೀದಿಗಿಳಿದು ವಿದ್ಯಾರ್ಥಿಗಳ ಮುಂದಾಳಾದರು, 1975ರ ತುರ್ತು ಪರಿಸ್ಥಿತಿಯಲ್ಲಿ, ಎಪ್ಪತ್ತರ ಆಚೆಯ ವಯಸ್ಸಿನಲ್ಲಿ, ಮತ್ತೆ ಸೆರೆಮನೆ ಕಂಡರು, 1979ರಲ್ಲಿ ತೀರಿಕೊಂಡರು.

ಇಷ್ಟು ಸಲ ಮಾರ್ಗ ಬದಲಿಸಿದವರನ್ನು ಗುರಿಯಿಲ್ಲದವರು ಎನ್ನೋಣವೆ? ಹಾಗೆನ್ನಲಾಗದು. ಮುಂದೆ ಯಾವ ಪಕ್ಷವೂ ಯಾವ ಸಿದ್ಧಾಂತವೂ ಅವರನ್ನು ಕಟ್ಟಿಹಾಕಲಿಲ್ಲ. ಕೆಳಗೆ ಬಿದ್ದವನು ಮೇಲೇಳಬೇಕೆಂಬ ಕಳಕಳಿ ಮಾತ್ರ ಕಡೆಯವರೆಗೂ ಬದಲಾಗಲಿಲ್ಲ. ಒಂದೇ ಕಡೆ ನಿಲ್ಲುವುದೇ ನಿಷ್ಠೆಯೆಂದೂ, ದಾರಿ ಬದಲಿಸುವುದೇ ಚಾಂಚಲ್ಯವೆಂದೂ ಮಕ್ಕಳನ್ನು ಅಳೆಯುವ ಹಿರಿಯರು ಈ ನಿಲ್ದಾಣದಲ್ಲಿ ಇಳಿದು ಒಂದು ಗಳಿಗೆ ಯೋಚಿಸುವುದೊಳ್ಳೆಯದು.

ಸಂಸಾರಿಗಳ ಪಾಡೇನು?

ಇಲ್ಲಿಗೆ ಬಂದಾಗ ವಾಚಕರೊಬ್ಬರು ತಡೆದು ಕೇಳಬಹುದು: “ಸ್ವಾಮಿ, ಒಬ್ಬರು ಮದುವೆಯೇ ಆಗಲಿಲ್ಲ, ಇನ್ನೊಬ್ಬರಿಗೆ ಮಕ್ಕಳಿರಲಿಲ್ಲ. ಮನೆಯ ಸಾಲ, ಮಕ್ಕಳ ಫೀಜು, ತಾಯಿಯ ಔಷಧ ಇವನ್ನು ಹೊತ್ತ ನಮಗೆ ಇವರು ಹೇಗೆ ಮಾದರಿ?” ನ್ಯಾಯವಾದ ಪ್ರಶ್ನೆ. ಜಯಪ್ರಕಾಶರು ಅಮೆರಿಕದಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಅವರ ಪತ್ನಿ ಪ್ರಭಾವತಿ ದೇವಿಯವರು ಗಾಂಧೀಜಿಯ ಸಾಬರಮತಿ ಆಶ್ರಮದಲ್ಲಿದ್ದು ಬ್ರಹ್ಮಚರ್ಯ ವ್ರತ ಹಿಡಿದರು. ಒಬ್ಬರ ಗುರಿಯ ಬೆಲೆಯನ್ನು ಮನೆಯ ಇನ್ನೊಬ್ಬರೂ ತೆರುತ್ತಾರೆಂಬುದನ್ನು ಚರಿತ್ರೆಕಾರರು ಮರೆತರೂ ಹೆಂಗಸರು ಮರೆಯುವುದಿಲ್ಲ.

ಉತ್ತರ ಹುಡುಕಿ ಹಿಂದಕ್ಕೆ ಹೋಗಿ ಸೌತ್ ಎಂಡ್ ಸರ್ಕಲಿನಲ್ಲಿ ಇಳಿದು, ಎನ್.ಆರ್. ಕಾಲೊನಿಯ ಕಡೆಗೆ ನಡೆದರೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಕಟ್ಟಡ ಸಿಕ್ಕುತ್ತದೆ. 1945ರಲ್ಲಿ ಅದನ್ನು ಕಟ್ಟಿದ ಡಿ.ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಪತ್ರಿಕೆ ನಡೆಸಿ, ಅದರ ಕಷ್ಟನಷ್ಟಗಳನ್ನು ಉಂಡು ಸಂಸಾರ ಸಾಗಿಸಿದವರು. ಎಳೆಯ ವಯಸ್ಸಿನಲ್ಲೇ ಮಡದಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕಿದವರು. ‘ಮಂಕುತಿಮ್ಮನ ಕಗ್ಗ’ ಹೊರಬಂದ 1943ರಲ್ಲಿ ಅವರ ವಯಸ್ಸು ಐವತ್ತು ದಾಟಿತ್ತು. 1970ರಲ್ಲಿ ನಾಡು ಅಭಿಮಾನದಿಂದ ಹಮ್ಮಿಣಿ ಅರ್ಪಿಸಿದಾಗ ಅದನ್ನು ಸಂಸ್ಥೆಗೇ ಕೊಟ್ಟುಬಿಟ್ಟರು. ಸಂಸಾರ ಅವರ ಗುರಿಗೆ ಅಡ್ಡ ಬರಲಿಲ್ಲ. ಸಂಸಾರದಲ್ಲಿ ಬೆಂದ ಅನುಭವವೇ ಬರಹದ ಹದವಾಯಿತು.

ಬನಶಂಕರಿ ದೇವಾಲಯದಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದಲ್ಲಿ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುವ ಗೃಹಿಣಿಯರ ಸಾಲನ್ನು ಕಂಡಾಗಲೂ ಇದೇ ನೆನಪು. ನರಸಿಂಹಯ್ಯನವರು ಈ ಆಚರಣೆಯನ್ನು ಪ್ರಶ್ನಿಸಿಯೇ ತೀರುತ್ತಿದ್ದರು. ಆದರೆ ಆ ದೀಪದ ಹಿಂದಿನ ಹರಕೆಯಲ್ಲಿ ‘ನನಗೆ’ ಎಂಬ ಮಾತು ಕಡಮೆ. ಮಗನ ಕೆಲಸ, ಮಗಳ ಬಾಣಂತನ, ಗಂಡನ ಆರೋಗ್ಯ, ಇವೇ ಹೆಚ್ಚು. ‘ನನ್ನ ಗುರಿ ಯಾವುದು?’ ಎಂದು ಕೇಳಿಕೊಳ್ಳಲು ಬಿಡುವನ್ನೇ ಕಾಣದವರು ಅವರು. ಮಕ್ಕಳು ದೊಡ್ಡವರಾದ ಮೇಲಾದರೂ ಆ ಪ್ರಶ್ನೆ ಕೇಳಿಕೊಳ್ಳುವ ಬಿಡುವನ್ನು ಅವರಿಗೆ ಒದಗಿಸುವುದು ಮನೆಯವರ ಕರ್ತವ್ಯ.

ಹಳದಿ ಮಾರ್ಗದ ತರುಣರು

ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಲ್ಲಿ ಗಾಡಿ ಬದಲಿಸಿದರೆ, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗ ರಾಗಿಗುಡ್ಡ, ಜಯದೇವ ಆಸ್ಪತ್ರೆಗಳ ಮೇಲಾಗಿ ಬಿ.ಟಿ.ಎಂ. ಬಡಾವಣೆಗೆ ಕರೆದೊಯ್ಯುತ್ತದೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು ಕೂಡಿ ಆದ ಹೆಸರು ಅದು. ಇಂದು ಅಲ್ಲಿ ಬೀದಿಬೀದಿಗೂ ಪೇಯಿಂಗ್ ಗೆಸ್ಟ್ ವಸತಿಗೃಹಗಳು. ದೇಶದ ನಾನಾ ಕಡೆಗಳಿಂದ ಕೆಲಸಕ್ಕಾಗಿ ಬಂದ ತರುಣ ತರುಣಿಯರು.

ಚಹದಂಗಡಿಯ ಮುಂದೆ ನಿಂತಿದ್ದ ಧಾರವಾಡದ ಕಡೆಯ ತರುಣನೊಬ್ಬನನ್ನು ಮಾತಿಗೆಳೆದೆ.

“ಏನಪ್ಪಾ, ಊರು ಹಿಡಿಸಿತೆ?”

“ಕೆಲಸ ಐತಿ, ಪಗಾರ ಐತಿ ಸರ. ಯಾಕ ಮಾಡಾಕತ್ತೀನಿ ಅನ್ನೂದ ತಿಳಿವಲ್ದು,” ಎಂದು ನಕ್ಕ.

ರಜೆಯ ದಿನ ಏನು ಮಾಡುವೆ ಎಂದು ಕೇಳಿದೆ. ವಸತಿಗೃಹದ ಅಡುಗೆಯವನ ಮಗಳು ಏಳನೆಯ ತರಗತಿಯಲ್ಲಿರುವಳಂತೆ. ಭಾನುವಾರ ಅವಳಿಗೆ ಲೆಕ್ಕ ಹೇಳಿಕೊಡುತ್ತಾನಂತೆ. “ಅದೇನ ದೊಡ್ಡ ಕೆಲಸಲ್ಲ ಬಿಡ್ರಿ. ಆ ಎರಡು ತಾಸು ಹೆಂಗ ಹೋಗ್ತಾವ ಗೊತ್ತಾಗೂದಿಲ್ಲ,” ಎಂದ. ಅಷ್ಟರಲ್ಲಿ ಅವನ ಕಚೇರಿಯ ವಾಹನ ಬಂದಿತು. ಲೋಟ ಕೆಳಗಿಟ್ಟು ಓಡಿದ.

ಆ ಹುಡುಗನಿಗೆ ನಾನು ಉಪದೇಶವನ್ನೇನೂ ಮಾಡಲಿಲ್ಲ. ಅವನು ಅಧ್ಯಾಪಕನಾಗಬೇಕೆಂದೂ ನಾನು ಹೇಳಲಾರೆ. ಆದರೆ ಹೊತ್ತು ಹೋದುದು ತಿಳಿಯದ ಆ ಎರಡು ತಾಸುಗಳಲ್ಲಿ, ದೊಡ್ಡ ಕೆಲಸವಲ್ಲವೆಂದು ತಾನೇ ತಳ್ಳಿಹಾಕಿದ ಮಾತಿನಲ್ಲಿ, ಹುಡುಕಲು ತಕ್ಕುದೇನೋ ಇದೆ. ಸಂಬಳ ಬದುಕಿಗೆ ಬೇಕು. ಅದು ಗುರಿಯ ವೈರಿಯಲ್ಲ. ನಮ್ಮಿಂದ ಯಾರಿಗೆ ಏನಾಗುತ್ತಿದೆಯೆಂಬುದು ಕಣ್ಣಿಗೆ ಕಾಣುವ ಒಂದು ಸಣ್ಣ ಕೆಲಸ, ಬಿಡದೆ ಮಾಡುವ ಅಭ್ಯಾಸ, ಸರಿಯಿಲ್ಲವೆಂದು ತಿಳಿದಾಗ ದಾರಿ ಬದಲಿಸುವ ಧೈರ್ಯ, ಈ ಮೂರೂ ಕೂಡಿದ ಕಡೆ ಗುರಿ ತಾನಾಗಿ ಆಕಾರ ತಾಳುತ್ತದೆ. ಕೋಣೆಯಲ್ಲಿ ಕುಳಿತು ಕಣ್ಮುಚ್ಚಿ ಹುಡುಕಿದವರಿಗಿಂತ ಎದ್ದು ಹತ್ತು ಹೆಜ್ಜೆ ನಡೆದವರಿಗೇ ಅದು ಕಾಣಿಸಿಕೊಂಡಿರುವುದು ಹೆಚ್ಚು.

ಈ ಸಂಚಾರಕ್ಕೆ ಒಂದು ರಜೆಯ ದಿನ ಸಾಕು, ಮನೆಮಂದಿಯೆಲ್ಲ ಹೊರಡಬಹುದು. ಬೆಳಗ್ಗೆ ಬಸವನಗುಡಿಯಲ್ಲಿ ಆರಂಭಿಸಿ, ಲಾಲ್‌ಬಾಗಿನ ಬಂಡೆ ಹತ್ತಿಳಿದು, ಮಧ್ಯಾಹ್ನದ ಊಟಕ್ಕೆ ಜಯನಗರದ ನಾಲ್ಕನೆಯ ಬ್ಲಾಕು ಸೇರಿ, ಸಂಜೆಗೆ ಜಯಪ್ರಕಾಶ ನಗರ ಮುಟ್ಟಬಹುದು. ಒಂದೊಂದು ನಿಲ್ದಾಣ ಬಂದಾಗಲೂ ಮಕ್ಕಳಿಗೆ ಆ ಹೆಸರಿನ ಕಥೆ ಹೇಳಿರಿ. ‘ದೊಡ್ಡವನಾದ ಮೇಲೆ ಏನಾಗುವೆ?’ ಎಂಬ ಹಳೆಯ ಪ್ರಶ್ನೆಯನ್ನು ಅಂದೊಂದು ದಿನ ಬಿಟ್ಟು, ‘ಯಾರಿಗಾಗಿ ಏನು ಮಾಡಬೇಕೆನಿಸುತ್ತದೆ?’ ಎಂದು ಕೇಳಿ ನೋಡಿರಿ. ಅವರು ಕೊಡುವ ಉತ್ತರ ನಾಳೆ ಬದಲಾದರೆ ಗಾಬರಿಯಾಗಬೇಡಿರಿ. ಗಾಡಿ ಬದಲಿಸಿಯೂ ಊರು ಸೇರಬಹುದು.